ಹಿತ್ತಲಿನ ಡ್ಯಾಂಡೆಲಿಯನ್ ಬೇರು ಬೇಡ

ತಮ್ಮಾ,

ಒಲೆ ಮೇಲಿದ್ದ ಕಷಾಯ ಚೆಲ್ಲಿದ್ದೇನೆ. ನಿನ್ನೆ ಹಿತ್ತಲಿಗೆಲ್ಲ ಕಳೆನಾಶಕ ಹೊಡೆದೆಯಲ್ಲ ಮಹರಾಯ, ಅಮ್ಮ ಇವತ್ತು ಬೆಳಿಗ್ಗೆ ಡ್ಯಾಂಡೆಲಿಯನ್ ಬೇರು ಕಿತ್ತದ್ದು ಅಲ್ಲಿಂದಲೇ! ಪುಣ್ಯಕ್ಕೆ ಅಪ್ಪ ಇನ್ನೂ ಕುಡಿದಿರಲಿಲ್ಲ.

ನಿನಗೆ ಅದು ಕಳೆ. ಅಮ್ಮನಿಗೆ ಅದು ಅಜ್ಜಿ ಹೇಳಿಕೊಟ್ಟ ಲಿವರ್ ಮದ್ದು. ಅಪ್ಪನ ಕಾಲಿನ ಬಾವೂ ಇಳಿಯುತ್ತೆ ಅಂತಾಳೆ.

ಅವಳು ಮಲಗಿ ಏಳೋದರೊಳಗೆ ಕಾಲುವೆ ಆಚೆಯಿಂದ ಬೇರೆ ಬೇರು ಅಗೆದು ತಾ. ತೊಳೆದಿಟ್ಟರೆ ಸಾಕು. ಹೆಚ್ಚಿ ಹುರಿಯೋದು ಅವಳ ಕೆಲಸ, ನೀನು ಕೈ ಹಾಕಬೇಡ.

ಇನ್ನು ಯಾವ ಮದ್ದೂ ನಾಟಲ್ಲ ಅಂತ ಡಾಕ್ಟರ್ ಅಂದದ್ದನ್ನು ಅವಳ ಮುಂದೆ ಬಾಯಿ ಬಿಡಬೇಡ. ಅಪ್ಪನಿಗೆ ಗೊತ್ತು. ಮೊನ್ನೆ ನನ್ನ ಹತ್ತಿರ ಅಂದರು: "ಕಹಿ ವಿಷ ಕಣೇ. ಆದರೆ ಲೋಟ ಖಾಲಿಯಾದಾಗ ನಿಮ್ಮಮ್ಮನ ಮುಖ ನೋಡಿದ್ದೀಯಾ?"

ಅಕ್ಕ