ಸೋಮವಾರದ ಸಿನಿಮಾ

ಸರೋಜಕ್ಕಾ,

ಹೋದ ಶುಕ್ರವಾರ ನನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಎದುರಿಗೆ ನಿಂತವನು ನಾನಾದರೂ ಕಟಕಟೆಯಲ್ಲಿದ್ದವಳು ನೀನು. ತಲೆ ಬೋಳಾಗುವ ವಯಸ್ಸಿನಲ್ಲಿ ಹತ್ತಿದ ಗೀಳು ಇದು: ಜನಪ್ರಿಯ ಸಿನಿಮಾ ಮತ್ತು ಅದರ ಕೇಳುಗರು. ನೋಡುಗರಲ್ಲ, ಕೇಳುಗರು. ಕನ್ನಡ ಮೀಡಿಯಂ ಹುಡುಗನಿಗೆ ಇಂಥ ವಿಷಯ ಎಲ್ಲಿಂದ ಸಿಕ್ಕಿತು ಅಂತ ನೀನೊಬ್ಬಳು ಕೇಳಲಾರೆ.

ಶಿಡ್ಲಘಟ್ಟದ ಆ ರೇಷ್ಮೆ ಬಿಚ್ಚಾಣಿಕೆ ಮನೆ ನೆನಪಿದೆಯಾ? ಬಿಸಿನೀರಿನಲ್ಲಿ ಗೂಡು ಹೊರಳುತ್ತಿದ್ದವು, ಹೆಂಗಸರ ಬೆರಳು ಎಳೆ ಹುಡುಕುತ್ತಿದ್ದವು. ಭಾನುವಾರ ನೋಡಿದ ತೆಲುಗು ಸಿನಿಮಾವನ್ನು ನೀನು ಸೋಮವಾರ ಕನ್ನಡದಲ್ಲಿ ಹೇಳುತ್ತಿದ್ದೆ. ಮೆಷಿನ್ ಸದ್ದನ್ನೂ ಮೀರಿಸಿ ಹಾಡು, ಹೊಡೆದಾಟ, ಗೋಳಾಟ, ಎಲ್ಲ ಒಂದೇ ಬಾಯಲ್ಲಿ.

“ಆಮೇಲೇನಾಯ್ತೇ? ಬೇಗ ಹೇಳೇ!” ಮುನಿಯಮ್ಮಕ್ಕ ಪಕ್ಕದಿಂದ ಕೂಗುತ್ತಿದ್ದಳು.

“ಕಾಫಿ ಕುಡ್ಕೊಂಡ್ ಬರ್ತೀನಿ ಇರಕ್ಕ, ಹೀರೋ ಎಲ್ಲೂ ಓಡೋಗಲ್ಲ.”

ಶುಕ್ರವಾರ ಬಂದಿದ್ದ ಪರೀಕ್ಷಕರು ಬಹಳ ಸಭ್ಯರು. ನಗುನಗುತ್ತಲೇ ಬುಡಕ್ಕೆ ಕೈ ಹಾಕಿದರು.

“ನಾಲ್ಕನೇ ಅಧ್ಯಾಯ ನೋಡಿ. ಸಿನಿಮಾದಲ್ಲಿ ಆ ಹುಡುಗಿ ಬಾವಿಗೆ ಬೀಳ್ತಾಳೆ. ನಿಮ್ಮಕ್ಕ ಹೇಳಿದ್ರಲ್ಲಿ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗಿ ಮಿಲ್ಲಲ್ಲಿ ಕೆಲಸಕ್ಕೆ ಸೇರ್ತಾಳೆ. ಒಬ್ಬರು ತಪ್ಪು ಹೇಳಿದ್ರು, ಉಳಿದವರು ನಂಬಿದ್ರು. ಇದ್ರಲ್ಲಿ ಕೇಳುಗರ ಪಾತ್ರ ಏನು ಬಂತು?”

ಆ ಅಧ್ಯಾಯ ಬಿದ್ದರೆ ಇಡೀ ಪ್ರಬಂಧವೇ ಬೀಳುತ್ತಿತ್ತು. ನಾನು ಓದಿದ ಸಿದ್ಧಾಂತಗಳನ್ನೆಲ್ಲ ಒಂದೊಂದಾಗಿ ತೊದಲಿದೆ. ಅವರು ತಲೆಯಾಡಿಸಲಿಲ್ಲ. ತುಂಬಿದ ಸಭೆಯಲ್ಲಿ ನಿನ್ನನ್ನು ಸುಳ್ಳುಗಾತಿ ಎಂದ ಹಾಗಾಯಿತಲ್ಲ.

ಆಗ ಹಿಂದಿನ ಸಾಲಿನಿಂದ ಎದ್ದು ನಿಂತವಳು ಮುನಿಯಮ್ಮಕ್ಕ. ಈ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಪ್ರಬಂಧಕ್ಕಾಗಿ ಮನೆಮನೆಗೆ ಹೋಗಿ ಮಾತಾಡಿಸಿದ್ದ ನಿನ್ನ ಗೆಳತಿಯರನ್ನು ಕರೆದಿದ್ದೆ. ಬೆಳಗ್ಗೆ ಅವಳು ಕೇಳಿದ್ದು ಒಂದೇ: “ಊಟ ಇರ್ತದೇನಪ್ಪಾ?”

“ನಾವೆಲ್ಲಿ ನಂಬಿದ್ವಿ ಸಾರ್? ಸರೋಜ ಕತೆ ಹೇಳಿದ್ ವಾರಾನೇ, ಮುರುಗಮಲ್ಲದ ದರ್ಗಾಕ್ಕೆ ಹೋಗ್ತೀವಿ ಅಂತ ಮನೇಲಿ ಹೇಳಿ, ಚಿಂತಾಮಣೀಲಿ ಮ್ಯಾಟ್ನಿ ನೋಡ್ಕೊಂಡ್ ಬಂದಿದ್ವಿ. ಆ ಹುಡ್ಗಿ ಸತ್ತೇ ಹೋದ್ಲು, ಥೂ! ಸರೋಜಂಗೆ ಮಾತ್ರ ಒಬ್ರೂ ಬಾಯ್ಬಿಡ್ಲಿಲ್ಲ. ಹೇಳಿದ್ರೆ ಆಮೇಲಿಂದ ಇದ್ದಿದ್ ಇದ್ದಂಗೇ ಹೇಳಕ್ ಶುರು ಮಾಡ್ತಾಳೆ. ಯಾರಿಗ್ ಬೇಕಾಗಿತ್ತು ಸಾರ್ ಅದು? ಇನ್ನೊಂದ್ಸಲ ಹೇಳೇ ಅಂತ ಮೊದ್ಲಿಂದ ಹೇಳಿಸ್ಕೊಂಡ್ವಿ.”

ನಾನು ಪರೀಕ್ಷಕರನ್ನು ಮರೆತು ಅವಳ ಕಡೆ ತಿರುಗಿದೆ. “ಅಕ್ಕಾ, ಇದನ್ನ ನಾನು ಮನೆಗೆ ಬಂದು ಕೇಳಿದಾಗ್ಲೇ ಯಾಕೆ ಹೇಳ್ಲಿಲ್ಲ?”

“ಹೆಂಗಪ್ಪಾ ಹೇಳೋದು? ನಮ್ ಯಜಮಾನ್ರು ಪಕ್ಕದಲ್ಲೇ ಕೂತಿದ್ರಲ್ಲ!”

ಇಡೀ ಸಭೆಯೇ ನಕ್ಕಿತು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದನ್ನೂ ಸೇರಿಸಿ ಬರೀರಿ. ನೀವು ಕೇಳುಗರು ಅಂತ ಬರೆದಿರೋರು ಬರೀ ಕೇಳ್ಕೊಂಡ್ ಕೂತಿರ್ಲಿಲ್ಲ” ಎಂದು ಸಹಿ ಹಾಕಿದರು. ನಿನ್ನ ತಮ್ಮ ಡಾಕ್ಟರಾದ. ಸೂಜಿ ಇಲ್ಲದ, ಫೀಜೂ ಇಲ್ಲದ ಡಾಕ್ಟರ್.

ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೂ ನೀನು ಹೇಳಿಕೊಂಡು ನಗುತ್ತಿದ್ದೆ, “ಎಂಥೆಂಥಾ ಕತೆ ಕಟ್ಟಿ ಏಮಾರಿಸಿದೀನಿ ಕಣೋ ಅವರನ್ನ” ಎಂದು. ಏಮಾರಿದವರು ಯಾರೂ ಇರಲಿಲ್ಲ ಅಕ್ಕ. ಟಿಕೆಟ್ ಕೊಂಡು ಅಸಲಿ ನೋಡಿ ಬಂದವರು ನಿನ್ನ ಸಿನಿಮಾಕ್ಕೆ ಮತ್ತೆ ಬಂದು ಕೂತಿದ್ದರು. ಇದು ನಿನಗೆ ತಿಳಿಯದೇ ಹೋಯಿತಲ್ಲ ಎಂಬುದೊಂದೇ... ಇರಲಿ, ಈಗ ತಿಳಿಯಿತು.

ಬರುವ ವರ್ಷದಿಂದ ಎಂ.ಎ. ಮಕ್ಕಳಿಗೆ ಈ ಪಾಠ ನಾನೇ ಮಾಡಬೇಕಂತೆ. ಕ್ಲಾಸಿನಲ್ಲಿ ಪ್ರೊಜೆಕ್ಟರ್ ಇದೆ, ಪರದೆ ಇದೆ. ಮೊದಲ ದಿನ ಎರಡನ್ನೂ ಮುಟ್ಟುವುದಿಲ್ಲ. ಬಾಗಿಲು ಹಾಕಿ, ಮೇಜಿನ ಮೇಲೆ ಕೂತು, ಒಂದು ಸಿನಿಮಾ ಬಾಯಲ್ಲೇ ಹೇಳುತ್ತೇನೆ.

ನಿನ್ನ ತಮ್ಮ