ಗುಬ್ಬಿಯ ಸರದಿ

ಮಾರ್ಚ್ 4, ಸೋಮವಾರ. ಸಂಜೆ

ಒಂಬತ್ತನೇ ತರಗತಿಯ ಕಾಂಪೋಸಿಷನ್ ಪುಸ್ತಕ ಇನ್ನೂ ಇಪ್ಪತ್ತಾರು ಬಾಕಿ. ‘ನನ್ನ ಮೆಚ್ಚಿನ ಋತು’. ಎಲ್ಲರಿಗೂ ಒಂದೇ ಋತು ಮೆಚ್ಚು, ಒಂದೇ ಗೈಡು, ಒಂದೇ ತಪ್ಪು. ಕೆಂಪು ಪೆನ್ನು ಬೇರೆ ಕೈಕೊಟ್ಟಿತು.

ಐದಕ್ಕೆ ಮೇಲ್ ಬಂತು. ಆಫರ್ ಲೆಟರ್. ಹೊರದೇಶದ ಪ್ರೈವೇಟ್ ಶಾಲೆ, ಇಂಗ್ಲಿಷ್ ಟೀಚರ್, ಎರಡು ವರ್ಷದ ಕಾಂಟ್ರಾಕ್ಟ್. ಇಪ್ಪತ್ತನೇ ತಾರೀಕು ಸಂಜೆಯೊಳಗೆ ಉತ್ತರ ಕೊಡಬೇಕಂತೆ. ಇವರು ಮೂರು ಸಲ ಓದಿದರು, ಮೂರನೇ ಸಲ ಎದ್ದು ನಿಂತು. ಆಮೇಲೆ ‘ಟೀಚರಮ್ಮನವರಿಗೆ ನಮಸ್ಕಾರ’ ಅಂತ ನನಗೇ ಕೈ ಮುಗಿದರು. ನಕ್ಕೆ. ನಗು ಬಂತಲ್ಲ, ಅದೇ ಆಶ್ಚರ್ಯ.

ಲೆಟರಿನ ಎರಡನೇ ಪ್ಯಾರಾ ಮಾತ್ರ ಬೇಡವಾಗಿತ್ತು. ಇಂಟರ್‌ವ್ಯೂನಲ್ಲಿ ನೀವು ಹೇಳಿದ ತೊದಲುವ ಹುಡುಗಿಯ ವಿಷಯ ನಮ್ಮೆಲ್ಲರ ಮನಸ್ಸು ಮುಟ್ಟಿತು, ಅಂಥ ತಾಳ್ಮೆಯ ಟೀಚರೇ ನಮಗೆ ಬೇಕು... ಅದನ್ನೇ ಇವರು ಜೋರಾಗಿ ಓದಿದರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ.

ಮಾರ್ಚ್ 5, ಮಂಗಳವಾರ

ಪ್ರೆಸ್ಸು ಮುಚ್ಚಿದ ಮೇಲೆ ಇವರಿಗೆ ಊಟದ ಮೇಜೇ ಆಫೀಸು. ಬೆಳಿಗ್ಗೆ ಹಾಳೆಯ ನಡುವೆ ಗೆರೆ ಎಳೆದು ಕೂತರು. ಈ ಕಡೆ ಹೋಗಲು ಕಾರಣ, ಆ ಕಡೆ ಬೇಡ ಅನ್ನಲು. ಈ ಕಡೆ: ತರಗತಿಗೆ ಹದಿನೆಂಟೇ ಮಕ್ಕಳು. ಇರಲು ಶಾಲೆಯದೇ ಫ್ಲಾಟು. ಇವರಿಗೂ ವೀಸಾ. ಆ ಕಡೆ: ಪಾಸ್‌ಪೋರ್ಟ್ ಶಾಲೆಯ ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರೆ (ಇದಕ್ಕೆ ನಾನೇ ಅಡಿಗೆರೆ ಹಾಕಿದೆ). ಮೊದಲ ವರ್ಷ ರಜೆಯಿಲ್ಲ. ನಡುವೆ ಬಿಟ್ಟರೆ ಸರ್ಟಿಫಿಕೇಟ್ ಇಲ್ಲ. ಕೊನೆಗೆ ಇವರ ಅಕ್ಷರದಲ್ಲಿ: ಅಲ್ಲಿ ನನ್ನ ಜೋಕು ಯಾರಿಗೂ ಅರ್ಥವಾಗಲ್ಲ. ಇಲ್ಲಿ ಯಾರಿಗೆ ಆಗ್ತಿದೆ ಎಂದೆ.

ನನ್ನ ಕಾರಣ ಎರಡು ಕಡೆಯೂ ಬರೆಯಲಿಲ್ಲ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅಷ್ಟೇ ಕಾರಣ.

ಮಾರ್ಚ್ 7, ಗುರುವಾರ

ಹೆಡ್‌ಮಿಸ್ ರೆಫರೆನ್ಸ್ ಕೊಟ್ಟರು. ‘ವಹಿಸಿದ ಕೆಲಸವನ್ನು ಎಂದೂ ಅರ್ಧಕ್ಕೆ ಬಿಟ್ಟವರಲ್ಲ’ ಎಂದು ಬರೆದಿದ್ದಾರೆ. ಮನಸಾರೆ ಬರೆದಿದ್ದಾರೆ, ಅದೇ ಕಷ್ಟ. ನಿಮ್ಮನ್ನು ಕಳಿಸೋಕೆ ಮನಸ್ಸೇ ಬರ್ತಿಲ್ಲ ಎಂದರು. ಕವರು ಬ್ಯಾಗಿಗೆ ಹಾಕಿಕೊಂಡು ಬಂದೆ.

ಒಂಬತ್ತು ಬಿ ಹೊರಗಿನ ಆ ಕುರ್ಚಿ. ಅಟೆಂಡರ್ ತಾತನಿಗೆ ಹೇಳಿ ಸ್ಟೋರಿಗೆ ಹಾಕಿಸಿದೆ. ಮಧ್ಯಾಹ್ನ ನೋಡಿದರೆ ಅಲ್ಲೇ ಇದೆ. ಪರೀಕ್ಷೆ ಕಾಲ, ಯಾರಿಗೋ ಬೇಕಾಗಿರುತ್ತದೆ. ಅಷ್ಟೇ... ಆದರೂ ಆ ಕಾರಿಡಾರ್ ಬಿಟ್ಟು ಸುತ್ತುಹಾಕಿಕೊಂಡು ಸ್ಟಾಫ್ ರೂಮಿಗೆ ಹೋದೆ.

ತಾತ ಹಿಂದೆಯೇ ಬಂದರು. ನಾನು ಕೇಳದೆಯೇ ಶುರು ಮಾಡಿದರು.

“ನಾನೇ ಆ ಮಗೂನ ಎಬ್ಬಿಸಿ ಕಳಿಸಿದ್ದು ಟೀಚರ್. ಬೀಗ ಹಾಕ್ಬೇಕಿತ್ತು. ಮಿಸ್ ಇಲ್ಲೇ ಕೂತಿರು ಅಂದಿದ್ದಾರೆ ಅಂತ ಹೇಳೋಕೆ ನೋಡಿದ್ಲು, ಮಾತು ಬರೋವರೆಗೂ ನಾನು ನಿಲ್ಲಲಿಲ್ಲ. ಇನ್ನೊಂದು ಹತ್ತು ನಿಮಿಷ ಕೂರಿಸಿದ್ರೆ ಆ ಲಾರಿ ದಾಟಿ ಹೋಗಿರ್ತಿತ್ತು.”

ಅವರು ಯಾರಿಗೂ ಹೇಳಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ. ತಪ್ಪು ಪೂರ್ತಿ ತಮ್ಮ ತಲೆಯ ಮೇಲೇ ಹಾಕಿಕೊಂಡಿದ್ದಾರೆ, ನಾನು ಹಾಕಿಕೊಳ್ಳಲು ಬಿಟ್ಟೆ.

ಮಾರ್ಚ್ 8, ಶುಕ್ರವಾರ. ಬೆಳಿಗ್ಗೆ 6

ಒಂದು ಸಲ ಬರೆದುಬಿಡಬೇಕು.

ಫೆಬ್ರವರಿ 21. ಇಂಗ್ಲಿಷ್ ಓರಲ್. ಒಬ್ಬೊಬ್ಬರೇ ಒಳಗೆ ಬಂದು ತಮಗಿಷ್ಟವಾದ ವಿಷಯದ ಮೇಲೆ ಎರಡು ನಿಮಿಷ ಮಾತಾಡಬೇಕು. ಮೂರೂವರೆಗೆ ನನ್ನ ಇಂಟರ್‌ವ್ಯೂ, ಮಹಡಿಯ ಕಂಪ್ಯೂಟರ್ ರೂಮಿನಲ್ಲಿ. ಮೂರೂ ಇಪ್ಪತ್ತಕ್ಕೆ ಉಳಿದವಳು ಒಬ್ಬಳೇ. ಗುಬ್ಬಿ. ಮನೆಯಲ್ಲಿ ಕರೆಯುವ ಹೆಸರು, ತರಗತಿಗೂ ಬಂದುಬಿಟ್ಟಿತ್ತು. ತೊದಲುತ್ತಾಳೆ. ಅವಳಿಗೆ ಅವಸರ ಆಗಬಾರದು ಅಂತಲೇ ಕೊನೆಗೆ ಇಟ್ಟಿದ್ದೆ. ಇಲ್ಲೇ ಕೂತಿರು, ಹತ್ತು ನಿಮಿಷ, ಬಂದೆ ಎಂದೆ. ತಲೆಯಾಡಿಸಿದಳು. ರಿಜಿಸ್ಟರು ಆಫೀಸಿಗೆ ಸೇರಬೇಕಿತ್ತು, ಅವಳ ಹೆಸರಿನ ಮುಂದೆ ಇಪ್ಪತ್ತಕ್ಕೆ 12 ಎಂದು ಹಾಕಿ ಕೊಟ್ಟೆ. ಆಮೇಲೆ ಹೇಗೂ ಕೇಳುತ್ತೇನಲ್ಲ. ಮೊದಲು ಅಂಕ, ಆಮೇಲೆ ಪರೀಕ್ಷೆ. ನಾವೆಲ್ಲ ಹೀಗೆ ಮಾಡುವುದುಂಟು.

ಹತ್ತು ನಿಮಿಷ ಅಂದದ್ದು ಒಂದು ಗಂಟೆಯಾಯಿತು. ಮಾತೇ ಹೊರಡದ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಗುಬ್ಬಿಯ ಕಥೆ ಹೇಳಿದೆ. ಚೆನ್ನಾಗಿ ಹೇಳಿದೆ. ನಾನು ಕಾಯುತ್ತೇನೆ, ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದೆ. ಆಗ ಅವಳು ಕೆಳಗೆ ಕುರ್ಚಿಯಲ್ಲಿ ಕೂತಿದ್ದಳು.

ಕೆಲಸ ಸಿಕ್ಕಿದ ಹಾಗೇ ಅನಿಸಿತ್ತು. ಇವರಿಗೆ ಹೇಳುವ ಆತುರ. ಹಿಂದಿನ ಮೆಟ್ಟಿಲು, ಹಿಂದಿನ ಗೇಟು, ಸೀದಾ ಮನೆ. ಅವಳನ್ನು ಮರೆತೆ. ಇದಕ್ಕೆ ಬೇರೆ ಮಾತಿಲ್ಲ. ಮರೆತೆ.

ಶಾಲೆಯ ಬಸ್ಸು ನಾಲ್ಕಕ್ಕೇ ಹೊರಟಿತ್ತು. ಐದಕ್ಕೆ ತಾತ ಎಬ್ಬಿಸಿದರು. ನಡೆದು ಹೊರಟಳು. ದೊಡ್ಡ ರಸ್ತೆ ದಾಟುವಾಗ...

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಕೇಳಿದೆ. ಅಳುವಿಗಿಂತ ಮೊದಲು ಭಯ ಬಂತು. ಆಫೀಸಿನಿಂದ ರಿಜಿಸ್ಟರು ತರಿಸಿಕೊಂಡು 12ನ್ನು 18 ಮಾಡಿದೆ. ಸತ್ತ ಮಗುವಿಗೆ ಹನ್ನೆರಡು ಕೊಟ್ಟವಳು ಎನಿಸಿಕೊಳ್ಳಲು ಹೆದರಿದೆ. ಓರಲ್ ತಡವಾಯಿತು, ಬಸ್ಸು ತಪ್ಪಿತು ಎಂದು ಹೆಡ್‌ಮಿಸ್ ಎಲ್ಲರಿಗೂ ಹೇಳಿದರು. ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಬರೆದೆ. ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಮಾರ್ಚ್ 14, ಗುರುವಾರ

ಗುಬ್ಬಿಯ ಅಮ್ಮ ಶಾಲೆಗೆ ಬಂದಿದ್ದರು. ಟೈಲರ್. ನಮ್ಮ ಶಾಲೆಯ ಅರ್ಧ ಯೂನಿಫಾರ್ಮು ಅವರ ಕೈಯದೇ. ಅಂಕಪಟ್ಟಿ ತೆಗೆದುಕೊಳ್ಳಲು ಬಂದವರು 18 ನೋಡಿ ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ. ಬೆರಳು ಆ ಅಂಕದ ಮೇಲೇ ಇತ್ತು.

“ಮನೇಲಿ ಒಂದ್ಸಲಾನೂ ಹೇಳಿ ತೋರಿಸ್ಲಿಲ್ಲ ಟೀಚರ್. ಮಿಸ್ ಮುಂದೇನೇ ಮೊದಲು ಅಂತಿದ್ಲು. ತೊದಲಿದ್ಲಾ?”

“ಇಲ್ಲಮ್ಮ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಬಗ್ಗೆ ಮಾತಾಡ್ತೀನಿ ಅಂದಿದ್ಲು, ಏನಂದ್ಲು ಎಂದು ಕೇಳಿದರು. ಸೂಜಿಗೆ ದಾರ ಪೋಣಿಸುವಾಗ ಅಮ್ಮ ಸಣ್ಣಗೆ ಹಾಡಿಕೊಳ್ಳುತ್ತಾಳೆ ಅಂದಳು ಎಂದೆ. ಎಲ್ಲಿಂದ ಬಂತೋ ಆ ಸುಳ್ಳು. ನಾನು ಹಾಡೋಳಲ್ವಲ್ಲ ಎಂದು ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ, ಯಾವಾಗ ಕೇಳಿಸಿಕೊಂಡಳೋ ಏನೋ ಎಂದು ಕಣ್ಣೊರೆಸಿಕೊಂಡರು.

ಇಂಗ್ಲಿಷ್ ಬಾರದು, ಅವಳು ಆಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ ಎಂದರು. ಆಗಲಿ ಎಂದೆ.

ಮಾರ್ಚ್ 15

ರಜೆ ಹಾಕಿದೆ. ‘ಮಿಸ್’ ಎನ್ನುವ ಮೊದಲು ಗುಬ್ಬಿ ತುಟಿ ಬಿಗಿದು ಮ್... ಮ್... ಎನ್ನುತ್ತಿದ್ದಳು. ಫ್ರಿಜ್ ಶುರುವಾದರೂ ಅದೇ ಕೇಳುತ್ತದೆ. ಮುಂದಿನ ಅಕ್ಷರ ಬರಲಿ ಎಂದು ಕಾಯುತ್ತಾ ನಿಲ್ಲುತ್ತೇನೆ. ಬರುವುದಿಲ್ಲ.

ಮಾರ್ಚ್ 18, ಸೋಮವಾರ

ಬರೆದೆ. ಎರಡು ಪುಟ. ಗುಬ್ಬಿ ಆಡದ ಮಾತು. ಚೆನ್ನಾಗಿ ಬಂದಿದೆ, ಓದಿ ನನಗೇ ಅಳು ಬಂತು. ನಾಚಿಕೆಗೆಟ್ಟವಳು.

ಆಫರ್‌ಗೆ ಒಪ್ಪಿಗೆಯ ಮೇಲ್ ಕೂಡ ಬರೆದಿಟ್ಟೆ. ಡ್ರಾಫ್ಟಿನಲ್ಲಿದೆ. ಪಾಸ್‌ಪೋರ್ಟ್ ವಿಷಯ ಈಗ ಚಿಂತೆಯೇ ಅಲ್ಲ. ಅವರೇ ಇಟ್ಟುಕೊಂಡರೆ ವಾಪಸು ಬರುವ ಹಾಗೇ ಇಲ್ಲವಲ್ಲ, ಒಳ್ಳೆಯದೇ ಆಯಿತು ಅನಿಸಿತು. ಹಾಗೆ ಅನಿಸಿದ್ದಕ್ಕೆ ಹೆದರಿಕೆಯಾಯಿತು.

ಇವರು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸುತ್ತಿದ್ದರು. ತಲೆಯೆತ್ತದೆ ಕೇಳಿದರು.

“ನಿಜ ಹೇಳು. ಹೋಗ್ತಿರೋದಾ, ಓಡ್ತಿರೋದಾ?”

ಜಿಪ್ ಸರಿಯಿದೆಯಾ ನೋಡಿ ಎಂದೆ.

ಮಾರ್ಚ್ 20, ಬುಧವಾರ. ಮಧ್ಯಾಹ್ನ 4.15

ಗುಬ್ಬಿಯ ಅಮ್ಮ ಮನೆಗೇ ಬಂದಿದ್ದಾರೆ. ಎರಡು ಪುಟ ಕೈಗಿತ್ತೆ. ಓದಲಿಲ್ಲ, ಮನೆಗೆ ಹೋಗಿ ನಿಧಾನಕ್ಕೆ ಓದುತ್ತೇನೆ ಎಂದು ಸೆರಗಿನಲ್ಲಿ ಒರೆಸಿ ಚೀಲದೊಳಗಿಟ್ಟರು. ಅದೇ ಚೀಲದಿಂದ ನಾಲ್ಕಾಗಿ ಮಡಿಸಿದ ಚೀಟಿ ತೆಗೆದರು.

ಓರಲ್ ಚೀಟಿ. ಮಕ್ಕಳು ಅದರಲ್ಲಿ ಹೆಸರು, ವಿಷಯ ಬರೆದು ತರುತ್ತಾರೆ. ಮಾತು ಮುಗಿದ ಮೇಲೆ ನಾನು ಕೆಳಗೆ ಸಹಿ ಹಾಕಿ ವಾಪಸು ಕೊಡುತ್ತೇನೆ. ಗುಬ್ಬಿಯ ದುಂಡು ಅಕ್ಷರ. ‘ಮೈ ಮದರ್ಸ್ ಮೆಷಿನ್’. ಕೆಳಗೆ ಖಾಲಿ. ಯೂನಿಫಾರ್ಮಿನ ಜೇಬಿನಲ್ಲಿತ್ತಂತೆ, ಆಸ್ಪತ್ರೆಯವರು ಬಟ್ಟೆಯ ಜೊತೆ ಕೊಟ್ಟರಂತೆ.

“ಸಹಿ ಹಾಕೋದು ಮರ್ತಿದ್ದೀರಿ ಟೀಚರ್. ಹಾಕ್ಕೊಡಿ. ಫ್ರೇಮ್ ಹಾಕಿಸ್ತೀನಿ.”

ಮುಖ ನೋಡಿದೆ. ಅನುಮಾನವಿದ್ದಿದ್ದರೆ ಏನಾದರೂ ಸಮಜಾಯಿಷಿ ಕೊಟ್ಟು ಪಾರಾಗುತ್ತಿದ್ದೆ. ಒಂದಿಷ್ಟೂ ಇಲ್ಲ. ನನ್ನದೇ ತಪ್ಪಿಗೆ ಅವರೇ ಸಂಕೋಚಪಡುತ್ತಿದ್ದಾರೆ.

ಪೆನ್ನು ತರುತ್ತೇನೆ ಎಂದು ಒಳಗೆ ಬಂದೆ. ಚೀಟಿ ಈ ಪುಟದ ಪಕ್ಕದಲ್ಲೇ ಇದೆ. ಇವರು ಹೊರಗೆ ಅವರಿಗೆ ನೀರು ಕೊಟ್ಟು ಏನೋ ಮಾತಾಡಿಸುತ್ತಿದ್ದಾರೆ.

ಡ್ರಾಫ್ಟ್ ಅಳಿಸಿದೆ. ಆ ಶಾಲೆಗೆ ಬೇಕಾಗಿರುವ ಟೀಚರ್ ನಾನಲ್ಲ. ಇವರಿಗೆ ಆಮೇಲೆ ಹೇಳುತ್ತೇನೆ, ತಾತನಿಗೂ, ಹೆಡ್‌ಮಿಸ್‌ಗೂ. ಮೊದಲು ಈ ತಾಯಿಗೆ. ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಹೊರಗೆ ಹೋಗಿ ಮತ್ತೆ ಸುಳ್ಳೇ ಹೇಳುತ್ತೇನೆ.

ಅಮ್ಮಾ, ನಿಮ್ಮ ಮಗಳು ಅವತ್ತು ಮಾತಾಡಲಿಲ್ಲ. ನಾನು ಕೇಳಲೇ ಇಲ್ಲ. ಅವಳನ್ನು ಹೊರಗೆ ಕೂರಿಸಿ, ನಾನು