ಪರಭಾರೆಯಾದ ನಗು

ಗಾವಡಗೆರೆ

ರೆಸ್ಪೆಕ್ಟೆಡ್ ಹೆಡ್‌ಮಿಸ್ಟ್ರೆಸ್ ಸುಕನ್ಯ ಮೇಡಂ ಅವರಿಗೆ ನಮಸ್ಕಾರಗಳು.

ಬೀಳ್ಕೊಡುಗೆಯ ದಿನ ಹತ್ತನೇ ತರಗತಿಯವರು ತಮ್ಮ ಗುಣಗಳನ್ನು ತಮಾಷೆಗೆ ಒಂಬತ್ತನೆಯವರಿಗೆ ದಾನ ಮಾಡಿದರಂತೆ. ಚಂದು ಪಾಠದ ಹೊತ್ತಿನ ನಿದ್ದೆಯನ್ನು ಕೊಟ್ಟನಂತೆ, ವೆರಿ ಗುಡ್. ನನ್ನ ಮೊಮ್ಮಗಳು ಅನುಶ್ರೀ ತನ್ನ ಜೋರು ನಗುವನ್ನೇ ರಮ್ಯಶ್ರೀ ಎಂಬ ಹುಡುಗಿಗೆ ಕೊಟ್ಟು ಬಂದಿದ್ದಾಳೆ. ಈಗ ಮನೆಯಲ್ಲಿ ನಾನೇನು ಹೇಳಿದರೂ ತುಟಿ ಬಿಗಿದು, “ಕೊಟ್ಬುಟ್ಟಿವ್ನಿ ಕಣ್ ತಾತ, ವಾಪಸ್ ಇಸ್ಕೊಳಂಗಿಲ್ಲ” ಅನ್ನುತ್ತಾಳೆ.

ಆ ನಗು ಅವಳ ಸ್ವಯಾರ್ಜಿತವಲ್ಲ ಮೇಡಂ, ತೀರಿಕೊಂಡ ನನ್ನ ಹೆಂಡತಿಯಿಂದ ಬಂದದ್ದು. ಮನೆತನದ ಆಸ್ತಿಯನ್ನು ನನ್ನ ಸಹಿ ಇಲ್ಲದೆ ಪರಭಾರೆ ಮಾಡಲು ಬರುವುದಿಲ್ಲವೆಂದು ಕೈಂಡ್ಲಿ ಅವಳಿಗೆ ಹೇಳಿ. ಶಾಲೆಯಲ್ಲಿ ರಮ್ಯಶ್ರೀ ನಕ್ಕುಕೊಳ್ಳಲಿ, ನೋ ಅಬ್ಜೆಕ್ಷನ್. ಸಂಜೆ ಕಾಫಿ ಹೊತ್ತಿಗೆ ಮಾತ್ರ ಅದು ನಮ್ಮ ಮನೆಯಲ್ಲಿರಬೇಕು.

ಯುವರ್ಸ್ ಒಬೀಡಿಯೆಂಟ್ಲಿ,
ಮಹದೇವಯ್ಯ
(ಅನುಶ್ರೀಯ ತಾತ)